ಮರಳಿನಲ್ಲಿ ಬಿಲ ಹಿಡಿದು ಬದುಕುವ ಗೋಬಿ: ಸಾಕಿದವರ ಅನುಭವಗಳು

ಪ್ರಶ್ನೆ, ಮೈಸೂರಿನಿಂದ: 80 ಲೀಟರಿನ ಉಪ್ಪುನೀರಿನ ತೊಟ್ಟಿಗೆ ಹಳದಿ ವಾಚ್‌ಮನ್ ಗೋಬಿ ಎಂಬ ಮೀನೊಂದನ್ನು ತಂದು ಮೂರು ವಾರಗಳಾದವು. ತಳದಲ್ಲಿ ಕಡಲೆಕಾಳಿನ ಗಾತ್ರದ ಹವಳದ ಚೂರುಗಳಿವೆ. ಮೀನು ಫಿಲ್ಟರಿನ ಹಿಂದೆಯೇ ಅವಿತಿರುತ್ತದೆ, ಸರಿಯಾಗಿ ತಿನ್ನುತ್ತಿಲ್ಲ. ಸಾಕಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಬೆಂಗಳೂರಿನಿಂದ: ನೀವು ಬರೆದಿರುವುದನ್ನು ನೋಡಿದರೆ, ಕಾಯಿಲೆಯನ್ನು ಶಂಕಿಸುವ ಮೊದಲು ತಳವನ್ನು ಬದಲಿಸಿ ನೋಡುವುದು ಮೇಲು. ಪಶ್ಚಿಮ ಪೆಸಿಫಿಕ್ಕಿನ ಹವಳದ ದಿಬ್ಬಗಳ ಬದಿಯ ಮರಳಿನಲ್ಲಿ ಈ ಮೀನು ಬಿಲದ ಬಾಯಲ್ಲಿ ಕುಳಿತು ಕಾವಲು ಕಾಯುತ್ತದೆ. ಬಿಲವನ್ನು ತೋಡುವುದು ಪಿಸ್ತೂಲು ಸಿಗಡಿ. ಸಿಗಡಿಗೆ ದೃಷ್ಟಿ ಬಹಳ ಮಂದವಾದ್ದರಿಂದ ಅದು ಹೊರಗೆ ಮರಳು ತಳ್ಳುವಾಗಲೆಲ್ಲ ತನ್ನ ಮೀಸೆಯೊಂದನ್ನು ಮೀನಿನ ಮೈಗೆ ತಾಗಿಸಿಯೇ ಇರುತ್ತದೆ, ಮೀನು ಬಾಲವನ್ನು ಅದುರಿಸಿದ ಕೂಡಲೇ ಒಳಗೆ ಸರಿಯುತ್ತದೆ. ಕಡಲೆಕಾಳಿನಷ್ಟು ದಪ್ಪದ ಚೂರುಗಳಲ್ಲಿ ಇಂಥ ಬಿಲ ನಿಲ್ಲುವುದಿಲ್ಲ. ನಾನು ಸಣ್ಣ ಅರಗೊನೈಟ್ ಮರಳನ್ನು ಸುಮಾರು 6 ಸೆಂಟಿಮೀಟರ್ ಆಳಕ್ಕೆ ಹಾಕಿ, ಬಿಲದ ಮಾಡು ಕುಸಿಯದಿರಲೆಂದು ಅದರಲ್ಲಿ ಒಂದಿಷ್ಟು ಚಿಪ್ಪಿನ ಚೂರುಗಳನ್ನೂ ಬೆರೆಸಿದ್ದೇನೆ. ಸಮುದ್ರತೀರದಿಂದ ಮರಳು ತರಬಹುದೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಕರಾವಳಿಯ ಮರಳು ಬಹುಪಾಲು ಸ್ಫಟಿಕದ್ದು, ಅರಗೊನೈಟ್‌ನಂತೆ ಸುಣ್ಣದ್ದಲ್ಲ. ಜೊತೆಗೆ ಏನೇನು ಸೇರಿಕೊಂಡು ಬರುತ್ತದೋ ಹೇಳಲಾಗದು.

ಇನ್ನೊಂದು ಮಾತನ್ನು ನನ್ನ ತಪ್ಪಿನಿಂದಲೇ ಹೇಳುತ್ತಿದ್ದೇನೆ. ಬಂಡೆಗಳನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಅವು ಗಾಜಿನ ತಳದ ಮೇಲೆ ಅಲುಗದಂತೆ ಕೂರಬೇಕು, ಆಮೇಲೆ ಸುತ್ತ ಮರಳು ಸುರಿಯಬೇಕು. ನಾನು ತಿರುಗುಮುರುಗು ಮಾಡಿದ್ದೆ. ಸಿಗಡಿಯನ್ನು ಬಿಟ್ಟ ಒಂಬತ್ತನೆಯ ರಾತ್ರಿ ಅದು ಬುಡ ಕೊರೆದ ಬಂಡೆ ಜಾರಿಬಿತ್ತು. ಗಾಜು ಉಳಿಯಿತು, ಸಿಗಡಿ ಉಳಿಯಲಿಲ್ಲ.

ಮಂಗಳೂರಿನಿಂದ: ತೊಟ್ಟಿಗೆ ಮುಚ್ಚಳವಿದೆಯೇ ಎಂಬುದನ್ನು ನೀವು ಬರೆದಿಲ್ಲ. ತಳದಲ್ಲೇ ಕೂರುವ ಮೀನು ಹಾರಲಾರದೆಂದು ನಂಬಿ, ವೈರು ಹೋಗಲು ಬಿಟ್ಟ ಎರಡು ಬೆರಳಗಲದ ಸಂದನ್ನು ನಾನು ಹಾಗೆಯೇ ಬಿಟ್ಟಿದ್ದೆ. ನಮ್ಮೂರಿನಲ್ಲಿ ಒಣಮೀನಿಗೆ ಬರವಿಲ್ಲ, ಆದರೆ ಸೋಫಾದ ಕೆಳಗೆ ಸಿಕ್ಕಿದ ಆ ಒಂದನ್ನು ಮಾತ್ರ ಇಂದಿಗೂ ಮರೆತಿಲ್ಲ. ಈಗ ಸಣ್ಣ ಕಣ್ಣಿನ ಬಲೆಯನ್ನು ಬಿಗಿದು ಕಟ್ಟಿದ್ದೇನೆ.

ಪುಣೆಯಲ್ಲಿರುವ ಕನ್ನಡಿಗರೊಬ್ಬರಿಂದ: ಆಹಾರದ ಬಗ್ಗೆ ಹೇಳುವ ಮೊದಲು, ನಿಮ್ಮ ಮೀನು ಯಾವುದೆಂದು ಖಚಿತಪಡಿಸಿಕೊಳ್ಳಿ. ಬಿಳಿ ಮೈಮೇಲೆ ಕಿತ್ತಳೆ ಚುಕ್ಕೆಗಳಿರುವ ಡೈಮಂಡ್ ಗೋಬಿಯನ್ನೂ ಅಂಗಡಿಗಳಲ್ಲಿ ಬರಿದೇ ‘ಸ್ಯಾಂಡ್ ಗೋಬಿ’ ಎಂದು ಮಾರುವುದನ್ನು ಕಂಡಿದ್ದೇನೆ. ಅದು ಬಾಯಿತುಂಬ ಮರಳನ್ನು ತೆಗೆದುಕೊಂಡು, ಅದರೊಳಗಿನ ಹುಳುಹುಪ್ಪಟೆಗಳನ್ನು ಉಳಿಸಿಕೊಂಡು, ಉಳಿದುದನ್ನು ಕಿವಿರಿನಿಂದ ಹೊರಹಾಕುವ ಮೀನು. ಸಣ್ಣ ತೊಟ್ಟಿಯ ಮರಳು ಕೆಲವೇ ವಾರಗಳಲ್ಲಿ ಬರಿದಾಗಿ ಅದು ಸೊರಗುತ್ತದೆ. 80 ಲೀಟರಿಗೆ ಅದು ತಕ್ಕದ್ದಲ್ಲ. ನಿಮ್ಮದು ವಾಚ್‌ಮನ್ನೇ ಆಗಿದ್ದರೆ, ಹೆಚ್ಚೆಂದರೆ 10 ಸೆಂಟಿಮೀಟರ್ ಬೆಳೆಯುವ ಅದು ತೇಲಿಬಂದ ತುತ್ತನ್ನು ಹಿಡಿಯುವ ಜಾತಿ. ಪಂಪನ್ನು ಹತ್ತು ನಿಮಿಷ ನಿಲ್ಲಿಸಿ, ಮೈಸಿಸ್ ಅಥವಾ ಆರ್ಟೀಮಿಯಾ ಎಂಬ, ಹೆಪ್ಪುಗಟ್ಟಿಸಿದ ಪುಟ್ಟ ಸಿಗಡಿಯಂಥ ಜೀವಿಗಳನ್ನು ಕರಗಿಸಿ ಉದ್ದನೆಯ ಪಿಪೆಟ್ಟಿನಿಂದ ಅದರ ಮುಖದೆದುರಿಗೆ ಮೆಲ್ಲನೆ ಬಿಡಿ. ನನ್ನ ಮೀನು ಐದನೆಯ ದಿನಕ್ಕೆ ಪಿಪೆಟ್ಟನ್ನು ಗುರುತಿಸತೊಡಗಿತು.

ಶಿವಮೊಗ್ಗದಿಂದ: ಉಪ್ಪುನೀರಿನ ಖರ್ಚಿಗೆ ಹೆದರಿ ನಾನು ಹೊಳೆಯಿಂದ ಬೆರಳುದ್ದದ ‘ಭಂಗಿಸಿದ್ದ’ ಎಂಬ ಮೀನನ್ನು ತಂದು ಸಾಕಿದ್ದೆ. ಅದೂ ಗೋಬಿಯೇ, ಹೊಟ್ಟೆಯ ಕೆಳಗಿನ ಈಜುರೆಕ್ಕೆಗಳೆರಡೂ ಕೂಡಿ ಬಟ್ಟಲಿನಂತಾಗಿರುವುದನ್ನು ಗಾಜಿನ ಮೇಲೆ ಕೂತಾಗ ನೋಡಬಹುದು. ಮರಳಿನ ಬಣ್ಣದಲ್ಲಿ ಮರೆಯಾಗಿ ಗಂಟೆಗಟ್ಟಲೆ ಅಲುಗದೆ ಕೂರುವ ಆ ಭಂಗಿಗೆ ಹೆಸರು ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ಗೇಣುದ್ದ ಮೀರಿ ಬೆಳೆಯಬಲ್ಲದು, ಬಾಯಿಗೆ ಹಿಡಿಸುವ ಮೀನುಗಳನ್ನೆಲ್ಲ ನುಂಗುತ್ತದೆ. ಒಂಟಿಯಾಗಿ ಸಾಕುವುದಾದರೆ ಮಾತ್ರ ತನ್ನಿ.

ಪ್ರಶ್ನೆ ಕೇಳಿದವರಿಂದ, ಹದಿನೈದು ದಿನಗಳ ಬಳಿಕ: ಬಂಡೆಗಳನ್ನು ಗಾಜಿನ ಮೇಲೆ ಕೂರಿಸಿ, ದಿನಕ್ಕೆ ಒಂದು ಲೋಟದಂತೆ ತಳ ಬದಲಿಸಿದೆ, ಬಲೆಯನ್ನೂ ಕಟ್ಟಿದ್ದಾಯಿತು. ಮೀನು ವಾಚ್‌ಮನ್ನೇ. ಈಗ ಎಡಬದಿಯ ಬಂಡೆಯ ಕೆಳಗೆ ತಾನೇ ಒಂದು ತಗ್ಗು ಮಾಡಿಕೊಂಡು, ತಲೆಯನ್ನಷ್ಟೇ ಹೊರಗಿಟ್ಟು ಪಿಪೆಟ್ಟಿಗಾಗಿ ಕಾಯುತ್ತದೆ. ಸಿಗಡಿಗೆ ಹೇಳಿಟ್ಟಿದ್ದೇನೆ, ಇನ್ನೂ ಬಂದಿಲ್ಲ.