ಸಹಾಯ ಬೇಕು: ಒಳಗಿಟ್ಟುಕೊಳ್ಳಲು ಚಿಕ್ಕ .45 ಪಿಸ್ತೂಲು ಯಾವುದು?

ಲೈಸೆನ್ಸ್ ಕೈಗೆ ಬಂದಿದೆ. ಬಟ್ಟೆಯೊಳಗೆ ಕಾಣದಂತೆ ಇಟ್ಟುಕೊಳ್ಳಲು .45 ಎಸಿಪಿ (ದಪ್ಪ ಗುಂಡಿನ ಒಂದು ಅಳತೆ) ಪಿಸ್ತೂಲು ನೋಡುತ್ತಿದ್ದೇನೆ. ಗ್ಲಾಕ್ ಕಂಪನಿಯ 30 ತಗೊಳ್ಳಲೋ, 36 ತಗೊಳ್ಳಲೋ ತೀರ್ಮಾನಕ್ಕೆ ಬರಲು ಆಗುತ್ತಿಲ್ಲ. 30ರ ಮ್ಯಾಗಜಿನ್‌ನಲ್ಲಿ 10 ಗುಂಡು ಹಿಡಿಯುತ್ತವೆ, ಆದರೆ ಹಿಡಿ ದಪ್ಪ. 36ರಲ್ಲಿ ಗುಂಡುಗಳು ಒಂದೇ ಸಾಲಿನಲ್ಲಿ ಕೂರುವುದರಿಂದ ತೆಳ್ಳಗಿದೆ. ಆದರೆ ಬರೀ 6.

ನನ್ನ ಕೈ ಚಿಕ್ಕದು. 30 ಹಿಡಿದರೆ ಬೆರಳಿನ ತುದಿಯಷ್ಟೇ ಟ್ರಿಗರ್‌ಗೆ ತಾಗುತ್ತದೆ, ಹಿಡಿತ ತಿರುಗಿಸಿಕೊಳ್ಳಬೇಕು. ಅದು ಸರಿಯಲ್ಲ ಅಲ್ವಾ? ಪಿಸ್ತೂಲು ಹಗುರವಾದಷ್ಟೂ ಒದೆತ ಜಾಸ್ತಿ ಅಂತ ಗೊತ್ತು. ಎರಡನೇ ಗುಂಡಿಗೆ ಗುರಿ ಎಷ್ಟು ಬೇಗ ವಾಪಸ್ ಸಿಗುತ್ತದೆ ಅನ್ನುವುದೇ ನನಗೆ ಮುಖ್ಯ.

36 ಅನ್ನು ದಿನವಿಡೀ ಸೊಂಟದಲ್ಲಿ ಇಟ್ಟುಕೊಂಡವರು ದಯವಿಟ್ಟು ಹೇಳಿ. ಕೂತಾಗ ಚುಚ್ಚುತ್ತದಾ? ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲು ಇಡುವ ಕವಚ) ಯಾವುದು ಒಳ್ಳೇದು? ಸುಮ್ನೆ ಚಿಕ್ಕ ಗುಂಡಿನ 9 ಎಂಎಂ ತಗೊಳ್ಳಿ ಅನ್ನುವವರೂ ಕಾರಣ ಬರೆಯಿರಿ.