ಕೆಟ್ಟ ಹೆಸರು ಹೊತ್ತ ರಾಣಿಯ ಮೇಲೆ ಕಾದಂಬರಿ ಬರೆದವರು ಇದ್ದೀರಾ? ಅನುಭವ ಹೇಳಿ

ಕುಂಬಳೆಯ ಹುಡುಗಿ:
ನಮಸ್ಕಾರ. ಕೆಳದಿ ಸಂಸ್ಥಾನದ ರಾಣಿ, ಬಿದನೂರಿನ ವೀರಮ್ಮಾಜಿಯ ಬಗ್ಗೆ ಬರೀತಾ ಇದ್ದೇನೆ, 9 ಅಧ್ಯಾಯ ಆಯ್ತು. ನಿಂಬಯ್ಯ ಅನ್ನುವವನ ಜೊತೆ ಸಂಬಂಧ ಇಟ್ಟುಕೊಂಡಳು, ದತ್ತುಮಗ ಚನ್ನಬಸವನನ್ನು ಕೊಲ್ಲಿಸಿದಳು ಅಂತ ಅವಳ ಮೇಲೆ ಆರೋಪ. ಕತೆ ಹೇಳುವವಳು ಅರಮನೆಯ ಊಳಿಗದ ಹೆಂಗಸು. ನಿಂಬಯ್ಯನ ಸಂಬಂಧ, ದತ್ತುಮಗನ ಕೊಲೆ, ಈ ಎರಡನ್ನೂ ಅವಳು ಕಣ್ಣಾರೆ ಕಂಡದ್ದು ಅಂತ ಮಾಡ್ಲಾ, ಯಾರೋ ಹೇಳಿ ಕೇಳಿದ್ದು ಅಂತ ಮಾಡ್ಲಾ? ಅಲ್ಲಿಗೇ ಬಂದು ಎರಡು ತಿಂಗಳಿಂದ ನಿಂತುಬಿಟ್ಟಿದೆ.

ಬೇಳದ ಮಾಷ್ಟ್ರು:
ತಂಗೀ, ಇದೇ ರಾಣಿಯನ್ನು ಹಿಡಿದು ನಾನು ಆರು ವರ್ಷ ಕಳೆದೆ. ನನ್ನ ರಾಣಿ ನಿರಪರಾಧಿ, ಅದರಲ್ಲಿ ರಾಜಿ ಇಲ್ಲ. ಈ ಕೊಳಕು ಕತೆಯನ್ನು ಊರಿಡೀ ಹರಡಿದ್ದು ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ವಿಲ್ಕ್ಸ್‌ನ ಪುಸ್ತಕ. ಅದರ ಮೊದಲ ಸಂಪುಟ ಬಂದದ್ದು 1810ರಲ್ಲಿ, ಬಿದನೂರು ಹೈದರನ ಕೈಸೇರಿದ್ದು 1763ರಲ್ಲಿ. ನಡುವೆ 47 ವರ್ಷ! ಅಷ್ಟು ವರ್ಷ ಗೆದ್ದವರ ಕಡೆಯಲ್ಲಿ ಬೆಳೆದ ಮಾತು ಅದು. ಕೆಳದಿ ಅರಸರ ಚರಿತ್ರೆ ಹೇಳುವ ಲಿಂಗಣ್ಣ ಕವಿಯ ಕಾವ್ಯ ಕೆಳದಿನೃಪವಿಜಯ ಓದಿ, ಅಲ್ಲಿ ಕಾಣುವ ಹೆಂಗಸೇ ಬೇರೆ. ಮತ್ತೆ ಸತ್ತನೆಂದ ಚನ್ನಬಸವ ನಾನೇ ಅಂತ ಒಬ್ಬ ಚಿತ್ರದುರ್ಗದಲ್ಲಿ ಹೈದರನೆದುರು ಬಂದು ನಿಂತನಲ್ಲ? ಅವ ನಿಜವಾದರೆ ಕೊಲೆ ಸುಳ್ಳು, ಕೊಲೆ ನಿಜವಾದರೆ ಅವ ಸುಳ್ಳು. ಹೈದರನಿಗೆ ಎರಡೂ ಬೇಕಾಯಿತು.
ಇನ್ನು ಖರ್ಚು. 272 ಪುಟ, ಅಂದರೆ 16 ಪುಟಕ್ಕೊಂದರಂತೆ 17 ಫಾರ್ಮು, 500 ಪ್ರತಿ. ಡಿಟಿಪಿ, ಅಂದರೆ ಕಂಪ್ಯೂಟರಲ್ಲಿ ಅಕ್ಷರ ಜೋಡಣೆ, ಪುಟಕ್ಕೆ 25ರಂತೆ 6,800. ಮುಖಪುಟಕ್ಕೆ 5,000. ಮುದ್ರಣ 71,400. ಒಟ್ಟು 83,200, ಕರಡು ತಿದ್ದಲು ಮಂಗಳೂರಿಗೆ 11 ಸಲ ಹೋದ ಬಸ್ ಚಾರ್ಜು ಬೇರೆ. ಒಂದೂವರೆ ಕ್ವಿಂಟಲ್ ಅಡಿಕೆಯ ದುಡ್ಡು ಅಲ್ಲಿಗೇ ಹೋಯಿತು. ಮಾರಿದ್ದು 134. ಹಂಚಿದ್ದು 90, ಅದರಲ್ಲಿ ಓದಿ ಫೋನ್ ಮಾಡಿದವರು ನಾಲ್ಕು ಜನ. ಕಳೆದ ಆಟಿಯಲ್ಲಿ ಅಟ್ಟದ ಮೇಲೆ 61 ಒರಲೆ ತಿಂದಿತು. ಉಳಿದ 215 ಮಂಚದಡಿ ಉಂಟು. ಆದರೂ ಪಶ್ಚಾತ್ತಾಪ ಇಲ್ಲ.

ಹೊಸೂರಿನವನು:
ಮಾಷ್ಟ್ರೇ, ತಪ್ಪು ತಿಳ್ಕೋಬೇಡಿ. ಕೊಲ್ಲಬೇಕಾದವನೇ ಕರುಣೆಯಿಂದ ಬಚ್ಚಿಟ್ಟು ಉಳಿಸಿದ ಅಂತಲ್ವೇ ಆ ಹುಡುಗ ಹೇಳಿದ್ದು? ಅಂದ್ರೆ ಕೊಲ್ಲೋಕೆ ಹೇಳಿದ್ದಂತೂ ನಿಂತಿತು. ನಿಮ್ಮ ತರ್ಕ ಕೇಳೋಕೆ ಚೆಂದ, ಕೋರ್ಟಲ್ಲಿ ನಿಲ್ಲಲ್ಲ.
ನಾನು ಬರೆದದ್ದು ಮಧುರೆಯ ರಾಣಿ ಮಂಗಮ್ಮಾಳ್ ಮೇಲೆ. 1689ರಿಂದ ಮೊಮ್ಮಗನ ಪರವಾಗಿ ರಾಜ್ಯ ಆಳಿದವಳು. ಅವಳಿಗೂ ಮಂತ್ರಿ ಅಚ್ಚಯ್ಯನನ್ನು ಗಂಟು ಹಾಕಿದ್ದಾರೆ. ಕೊನೆಗೆ ಮೊಮ್ಮಗನೇ ಸೆರೆಯಲ್ಲಿಟ್ಟು, ಕಣ್ಣಿಗೆ ಕಾಣೋ ಹಾಗೆ ಊಟ ಇಡಿಸಿ ಹಸಿವಿನಿಂದ ಸಾಯಿಸಿದ ಅನ್ನೋದು ಜನರ ಮಾತು. ಮರೆತು ಎಡಗೈಯಲ್ಲಿ ವೀಳ್ಯ ಬಾಯಿಗಿಟ್ಟ ಪಾಪಕ್ಕೆ ಸಾಲುಮರ ನೆಡಿಸಿದಳು, ರಸ್ತೆ ಹಾಕಿಸಿದಳು ಅಂತಲೂ ಹೇಳ್ತಾರೆ. ನೋಡಿ ತಮಾಷೆ, ಹೆಂಗಸು ರಸ್ತೆ ಹಾಕಿಸಿದ್ರೂ ಅದಕ್ಕೊಂದು ತಪ್ಪು ಹುಡುಕಬೇಕು. ನಾನು ಅಚ್ಚಯ್ಯನ ಪ್ರೀತಿಯನ್ನ ತೆಗೀಲಿಲ್ಲ, ಇಟ್ಟೆ. ವಿಧವೆ ಪ್ರೀತಿಸಿದ್ರೆ ರಾಜ್ಯಭಾರ ಮರೆತುಹೋಗುತ್ತಾ? ಅಷ್ಟು ಬರೆದದ್ದಕ್ಕೆ ನನ್ನ ಸ್ವಂತ ಅತ್ತಿಗೆ ಒಂದು ವರ್ಷ ಮಾತಾಡಲಿಲ್ಲ. ನಿರಪರಾಧಿ ರಾಣಿಯನ್ನ ಬರೆಯೋದು ಸುಲಭ ಸರ್, ಅವಳಿಗೆ ಮಾಡೋಕೆ ಏನೂ ಕೆಲಸ ಇರಲ್ಲ.

ಬೇಳದ ಮಾಷ್ಟ್ರು:
ನನ್ನ ಪುಸ್ತಕ ಓದದೆ ಮಾತಾಡಬೇಡಿ.

ಮುಳ್ಳೇರಿಯದಿಂದ:
ನಾನು ಓದಿದ್ದೇನೆ, 134ರಲ್ಲಿ ಒಂದು ನನ್ನದೇ. 37ನೇ ಪುಟದಲ್ಲಿ ವೀರಮ್ಮಾಜಿ ಬೆಳಿಗ್ಗೆ ಎದ್ದು ಚಾ ಕುಡಿಯುತ್ತಾಳೆ. ಆಗಿನ ಬಿದನೂರಲ್ಲಿ ಎಲ್ಲಿಯ ಚಾ, ಮಾಷ್ಟ್ರೇ?

ಬೇಳದ ಮಾಷ್ಟ್ರು:
ಅದು ಕಷಾಯ. ಡಿಟಿಪಿಯವ ಮಾಡಿದ ತಪ್ಪು.

ಮುಳ್ಳೇರಿಯದಿಂದ:
‘ಹಾಲು ಕಡಿಮೆ ಹಾಕು’ ಅಂತ ದಾಸಿಗೆ ಹೇಳುತ್ತಾಳೆ. ಅದೂ ಡಿಟಿಪಿಯವನದ್ದಾ?

ಪೆರ್ಲದ ಅಕ್ಕ:
ಸ್ವಂತ ಹಣ ಹಾಕಿದವರಾದರೂ ಪುಣ್ಯವಂತರು. ನಾನು ಪ್ರಕಾಶಕರಿಗೆ ಕೊಟ್ಟೆ. ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ನನ್ನದೂ ಇದೇ ರಾಣಿ, ಹೈದರ ಅವಳನ್ನಿಟ್ಟ ಮಧುಗಿರಿ ಬೆಟ್ಟದ ಸೆರೆಯಲ್ಲೇ ಪೂರಾ ನಡೆಯುವ ಕತೆ, 1763ರಿಂದ 1767. ಪೇಶ್ವೆ ಮಾಧವರಾಯ ಬಿಡಿಸಿದ ಮೇಲೆ ಪುಣೆಗೆ ಹೋಗುವ ದಾರಿಯಲ್ಲೇ ವೀರಮ್ಮಾಜಿ ತೀರಿಹೋದಳು. ಅವಳು ಕೊಂದಳೋ ಇಲ್ಲವೋ ಅಂತ ನಾನು ಎಲ್ಲಿಯೂ ಹೇಳಲಿಲ್ಲ. ರಾಜ್ಯ, ಮರ್ಯಾದೆ ಎರಡೂ ಹೋದ ಹೆಂಗಸು ನಾಲ್ಕು ವರ್ಷ ಕಲ್ಲು ನೋಡುತ್ತಾ ಏನು ಮಾಡಿಯಾಳು, ನನಗೆ ಬೇಕಾದ್ದು ಅದು ಮಾತ್ರ. ಆ ಬೆಟ್ಟ ನೋಡಲೆಂದು ಹತ್ತಿ ಅರ್ಧದಲ್ಲಿ ಮೊಣಕಾಲು ತಿರುಚಿಕೊಂಡೆ, ಈಗಲೂ ನೆಲದಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಇಷ್ಟೆಲ್ಲ ಮಾಡಿದರೆ ಮುಖಪುಟದಲ್ಲಿ ಬಂದದ್ದು ಯಾರು? ಕುದುರೆ ಮೇಲೆ ಕತ್ತಿ ಹಿಡಿದ ಹೆಂಗಸು! ಇದು ಯಾರು ಅಂತ ಕೇಳಿದರೆ ‘ರಾಣಿ ಅಂದರೆ ಹೀಗೇ ಮೇಡಂ, ಮಾರಾಟ ಆಗಬೇಕಲ್ಲ’ ಅಂದರು. 40,000 ಮುಂಗಡ ನನ್ನಿಂದಲೇ ತೆಗೆದುಕೊಂಡಿದ್ದರು. ಗೌರವಧನದ ಬದಲು 25 ಪ್ರತಿ ಅಂತ ಮಾತು, ಬಂದದ್ದು 10, ಅದರಲ್ಲಿ ಎರಡಕ್ಕೆ ಕೊನೆಯ ಫಾರ್ಮೇ ಇಲ್ಲ. ಆ ಎರಡರಲ್ಲಿ ಅವಳು ಇನ್ನೂ ಮಧುಗಿರಿಯಲ್ಲೇ ಇದ್ದಾಳೆ.

ಹೊಸೂರಿನವನು:
ಕೊಂದಳೋ ಇಲ್ವೋ ಅಂತ ಹೇಳದೇ ಇರೋದು ಜಾರಿಕೊಳ್ಳೋದು, ಅಕ್ಕ.

ಪೆರ್ಲದ ಅಕ್ಕ:
ಬೆಟ್ಟ ಹತ್ತಿ ಬನ್ನಿ, ಆಮೇಲೆ ಮಾತಾಡುವಾ.

ಪಳ್ಳಿಕ್ಕೆರೆಯ ಅಣ್ಣ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಬಿದನೂರು, ಮಧುಗಿರಿ ಅಂತೀರಿ, ನಮ್ಮ ಬೇಕಲ ಕೋಟೆ ಯಾರಿಗೂ ನೆನಪಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು. ವೀರಮ್ಮಾಜಿಯ ಕಾಲಕ್ಕೂ ಅದು ಅವರದ್ದೇ. ಈಗ ಬರುವವರು ಸಿನಿಮಾ ಹಾಡಿನ ಜಾಗ ಎಲ್ಲಿ ಅಂತ ಕೇಳಿ ಫೋಟೋ ಹೊಡೆದು ಹೋಗುತ್ತಾರೆ.

ಮುಳ್ಳೇರಿಯದಿಂದ:
ಶಿವಪ್ಪ ನಾಯಕನಿಗಿಂತ ಮೊದಲೇ ಉತ್ತರ ಕೇರಳದ ಅರಸರಾದ ಕೋಲತ್ತಿರಿಯವರ ಕೋಟೆ ಅಲ್ಲಿ ಇತ್ತು ಅನ್ನುವವರೂ ಇದ್ದಾರೆ.

ಪಳ್ಳಿಕ್ಕೆರೆಯ ಅಣ್ಣ:
ಅನ್ನುವವರು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನಂತರ ಹುಟ್ಟಿದವರು.

ಮುಳ್ಳೇರಿಯದಿಂದ:
ನೀವು ಯಾವಾಗ ಹುಟ್ಟಿದ್ದು?

ಕುಂಬಳೆಯ ಹುಡುಗಿ:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಊಳಿಗದ ಹೆಂಗಸಿನ ವಿಷಯ...

ಪೆರ್ಲದ ಅಕ್ಕ:
ಬಾಗಿಲ ಹೊರಗೆ ನಿಲ್ಲಿಸಿ ಅವಳನ್ನು. ಒಳಗಿನ ಮಾತು ಅರ್ಧ ಕೇಳಲಿ. ಮತ್ತೆ ಮುಖಪುಟ ಯಾರು ಮಾಡುತ್ತಾರೆಂದು ಮೊದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.

ಬೇಳದ ಮಾಷ್ಟ್ರು:
ತಂಗೀ, ಬಿದನೂರು ಅಂದರೆ ಈಗಿನ ನಗರ ಎಂಬ ಊರು, ಅದನ್ನು ನೋಡದೆ ಬರೆಯಬೇಡಿ. ಮಳೆ ಬಿಟ್ಟ ಮೇಲೆ ಕುಂದಾಪುರ, ಸಿದ್ದಾಪುರದಿಂದ ಹುಲಿಕಲ್ ಘಾಟಿ ಹತ್ತಿ ಹೋಗಿ. ಕೋಟೆ ಆದ ಮೇಲೆ ದೇವಗಂಗೆಯ ಕೊಳ ನೋಡಿ ಬನ್ನಿ, ಅಲ್ಲಿ ಕೂತರೆ ಬರೆಯಲಿಕ್ಕೆ ಏನಾದರೂ ಸಿಗುತ್ತದೆ. ವಿಳಾಸ ಕೊಟ್ಟರೆ ನನ್ನದೊಂದು ಪ್ರತಿ ಕಳಿಸುತ್ತೇನೆ, ದುಡ್ಡು ಬೇಡ. 37ನೇ ಪುಟ ಹರಿದೇ ಕಳಿಸುತ್ತೇನೆ.