ದವಡೆ ಕೀಲಿನ ‘ದಾಹ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕಲಬುರಗಿ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರಿಗೆ ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ ನೋವು. ಬಾಯೊಳಗೆ ಎರಡು ಬೆರಳೂ ಹಿಡಿಸುತ್ತಿಲ್ಲ. ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡೋಣ ಎಂದಿದ್ದಾರೆ ಡಾಕ್ಟರು. ಕೈಗೆ ಬಂದ ಮರಾಠಿ ಹಾಳೆಯಲ್ಲಿ ‘ದಾಹ’ ಎಂದಿದೆ. ನಮಗೆ ದಾಹ ಎಂದರೆ ಬಾಯಾರಿಕೆ. “ನನಗೇನು ನೀರಡಿಕಿ ಇಲ್ಲಲ್ರೀ” ಎಂದರು ಅಕ್ಕ.

ಅವರಿಗಾಗಿ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಮರಾಠಿಯ ಈ ‘ದಾಹ’ ಎಂದರೆ ಇನ್‌ಫ್ಲಮೇಶನ್. ಕನ್ನಡದಲ್ಲಿ ಅದಕ್ಕೆ ಪುಸ್ತಕದ ಪದ ‘ಉರಿಯೂತ’. ಒಳ್ಳೆಯ ಪದವೇ. ಆದರೆ ಈ ಕೀಲಿನಲ್ಲಿ ಉರಿ ಇರದಿರಬಹುದು, ಊತ ಹೊರಗೆ ಕಾಣದಿರಬಹುದು. ಬರೀ ನೋವು, ಬಿಗಿತ. ‘ಬಾವು’ ಎನ್ನೋಣವೆಂದರೆ ಎಷ್ಟೋ ಜನರಿಗೆ ಕೀವು ನೆನಪಾಗುತ್ತದೆ. ಕೀವಾದ ಕೀಲಿಗೆ ಸ್ಟೀರಾಯ್ಡ್ ಚುಚ್ಚಲೇಬಾರದು. ಹಾಗಾಗಿ ಆ ಪದ ಬೇಡವೇ ಬೇಡ ಅನ್ನುತ್ತೇನೆ.

ಪ್ರಯೋಜನ ಹೇಳುವಾಗಲೂ ತೊಡಕಿದೆ. ‘ಗುಣವಾಗುತ್ತದೆ’ ಎಂದು ಬರೆದರೆ ಸುಮ್ನೆ ಆಸೆ ಹುಟ್ಟಿಸಿದಂತೆ. ಮದ್ದು ಉರಿಯೂತವನ್ನು ತಗ್ಗಿಸುತ್ತದೆ. ನೋವು ಇಳಿದು ಬಾಯಿ ತೆರೆಯುವುದು ಸಲೀಸಾಗಬಹುದು, ಕೆಲವರಿಗೆ ಕೆಲವೇ ವಾರ, ಕೆಲವರಿಗೆ ತಿಂಗಳುಗಟ್ಟಲೆ. ರಾತ್ರಿ ಹಲ್ಲು ಕಡಿಯುವುದರಿಂದ ನೋವು ಬಂದಿದ್ದರೆ ಆ ಅಭ್ಯಾಸ ಹಾಗೇ ಉಳಿಯುತ್ತದೆ. ‘ನೋವು ತಗ್ಗಬಹುದು’ ಎಂದರೆ ಸಾಕು, ಅಲ್ವಾ?

ಇನ್ನು ಅಪಾಯ. ಚುಚ್ಚಿದ ಮೇಲೆ ಒಂದೆರಡು ದಿನ ನೋವು ಏರಬಹುದು. ಇದಕ್ಕೆ ‘ಕೆರಳುವುದು’ ಚೆನ್ನಾಗಿ ಒಪ್ಪುತ್ತದೆ. ಆ ಜಾಗದ ಚರ್ಮ ತೆಳುವಾಗಿ ಬಣ್ಣ ಮಾಸಬಹುದು. ಸೋಂಕು ಅಪರೂಪ. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಸಕ್ಕರೆ ಏರಬಹುದು. ಅಕ್ಕನಿಗೆ ಶುಗರ್ ಇದೆ, ಈ ಸಾಲನ್ನು ದಪ್ಪಕ್ಷರದಲ್ಲೇ ಹಾಕುತ್ತೇನೆ. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಕೀಲಿನ ಮೃದ್ವಸ್ಥಿಯೂ ಮೂಳೆಯೂ ಸವೆಯಬಹುದು. ಅದಕ್ಕೇ ಮೊದಲು ಮೆತ್ತನೆ ಊಟ, ಬಿಸಿ ಶಾಖ, ದವಡೆಯ ವ್ಯಾಯಾಮ, ನೋವಿನ ಮಾತ್ರೆ. ಅವು ಸಾಲದಿದ್ದಾಗ ಮಾತ್ರ ಸೂಜಿ.

‘ಮೃದ್ವಸ್ಥಿ’ ಅಕ್ಕನಿಗೆ ತಿಳಿಯದು. ಸದ್ಯಕ್ಕೆ ‘ಮೂಗಿನ ತುದಿಯಲ್ಲಿರುವಂಥ ಮೆತ್ತನೆ ಎಲುಬು’ ಎಂದು ಬರೆದಿದ್ದೇನೆ, ಉದ್ದವಾಯಿತು. ನಿಮ್ಮ ಮನೆಗಳಲ್ಲಿ ಇದಕ್ಕೆ ಒಂದೇ ಪದ ಇದೆಯೇ? ಕಲಬುರಗಿ, ಬೀದರ್ ಕಡೆ ‘ದವಡೆ ಕೀಲು’ ಅನ್ನುತ್ತಾರೋ ‘ದವಡೆ ಸಂದು’ ಅನ್ನುತ್ತಾರೋ? ಉರಿಯೂತಕ್ಕೂ ಆಡುಮಾತಿನ ಪದ ಗೊತ್ತಿದ್ದರೆ ತಿಳಿಸಿ. ಅಕ್ಕ ಇಂಜೆಕ್ಷನ್‌ಗೆ ಒಪ್ಪಿ ಸಹಿ ಹಾಕುವ ಮೊದಲು ಹಾಳೆ ಕೈಗೆ ಕೊಡಬೇಕು.